4294967297: ಫರ್ಮಾ ಪರೀಕ್ಷೆಯಲ್ಲಿ ಪಾಸ್, ಆದರೂ ಅವಿಭಾಜ್ಯ ಅಲ್ಲ. ಹೇಗೆ?

ಪ್ರಶ್ನೆ
2^32 + 1 = 4294967297. ಇದು ಅವಿಭಾಜ್ಯ ಎಂದು ಫರ್ಮಾ ನಂಬಿದ್ದರು, 1732ರಲ್ಲಿ ಆಯ್ಲರ್ ಒಡೆದು ತೋರಿಸಿದರು. ಆದರೆ 2ನ್ನು ಆಧಾರವಾಗಿಟ್ಟು ಫರ್ಮಾ ಪರೀಕ್ಷೆ (2ನ್ನು ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ ಆ ಸಂಖ್ಯೆಯಿಂದಲೇ ಭಾಗಿಸುವುದು; ಅವಿಭಾಜ್ಯವಾದರೆ ಶೇಷ 1) ಮಾಡಿದರೆ ಶೇಷ 1 ಬರಬೇಕು, ಅಂದರೆ ಪಾಸ್. ಇದು ಯಾಕೆ? ಇನ್ನೊಂದು, ವರ್ಗಮೂಲ 65536ರ ಹತ್ತಿರ ಇದೆ, ಅಲ್ಲಿವರೆಗೆ 6542 ಅವಿಭಾಜ್ಯಗಳಿವೆ. ಕೈಲೆಕ್ಕದಲ್ಲಿ ಅಷ್ಟನ್ನೂ ಭಾಗಿಸಿ ನೋಡಬೇಕಾ? ಜೊತೆಗೆ, ಸಿ ಭಾಷೆಯ ಪ್ರೋಗ್ರಾಂನಲ್ಲಿ ಶೇಷ 1ರ ಬದಲು 0 ಬರ್ತಿದೆ.

ಉತ್ತರ 1
ಅಷ್ಟೆಲ್ಲ ಬೇಡ ಸರ್. ಈ ಸಂಖ್ಯೆಯ ಅವಿಭಾಜ್ಯ ಭಾಜಕ ಯಾವುದೇ ಇರಲಿ, ಅದು 64ಕ + 1 ರೂಪದಲ್ಲೇ ಇರಬೇಕು (ಕ ಒಂದು ಪೂರ್ಣಾಂಕ). ಭಾಜಕ ಪ ಅಂದುಕೊಳ್ಳಿ. ಪ ಇಂದ ಭಾಗಿಸಿದಾಗ 2^32ರ ಶೇಷ −1, ಹಾಗಾಗಿ 2^64ರ ಶೇಷ 1. 2ರ ಘಾತ ಮೊದಲ ಬಾರಿ 1ಕ್ಕೆ ಮರಳುವುದು ಸರಿಯಾಗಿ 64ರಲ್ಲಿ, ಪ ಅವಿಭಾಜ್ಯವಾದ್ದರಿಂದ ಪ − 1ನೇ ಘಾತದ ಶೇಷವೂ 1, ಆದ್ದರಿಂದ 64 ಎಂಬುದು ಪ − 1ನ್ನು ಭಾಗಿಸಲೇಬೇಕು.

ಮುಂದೆ ಗಣಿತಜ್ಞ ಲ್ಯೂಕಾ ಇದನ್ನು 128ಕ + 1ಕ್ಕೆ ಬಿಗಿ ಮಾಡಿದರು. ಈಗ ಪಟ್ಟಿ ಎಷ್ಟು ಚಿಕ್ಕದಾಯಿತು ನೋಡಿ: 129 = 3 × 43, 385 = 5 × 7 × 11, 513 = 27 × 19, ಇವು ಮೂರೂ ಬಿದ್ದುಹೋದವು. 257 ಸ್ವತಃ ಫರ್ಮಾ ಸಂಖ್ಯೆ (2^1 + 1, 2^2 + 1, 2^4 + 1, 2^8 + 1 ಹೀಗೆ ಹೋಗುವ ಸಾಲಿನದು, ನಿಮ್ಮ 2^32 + 1 ಕೂಡ ಇದೇ ಸಾಲು), ಎರಡು ಬೇರೆ ಫರ್ಮಾ ಸಂಖ್ಯೆಗಳಿಗೆ 1 ಬಿಟ್ಟು ಸಾಮಾನ್ಯ ಭಾಜಕ ಇರೋದಿಲ್ಲ, ಅದೂ ಹೋಯಿತು. ಉಳಿದದ್ದು 641. ಮೊದಲನೇ ಭಾಗಾಕಾರದಲ್ಲೇ ಸಿಗುತ್ತೆ:

4294967297 = 641 × 6700417

ಭಾಗಾಕಾರವೂ ಬೇಡ ಅಂದರೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ. 641 = 5 × 2^7 + 1, ಅದೇ 641 = 5^4 + 2^4 ಕೂಡ. ಮೊದಲನೆಯದರಿಂದ 5 × 2^7ರ ಶೇಷ −1; ನಾಲ್ಕನೇ ಘಾತಕ್ಕೆ ಏರಿಸಿದರೆ 5^4 × 2^28ರ ಶೇಷ 1. ಎರಡನೆಯದರಿಂದ 5^4ರ ಜಾಗದಲ್ಲಿ −2^4 ಹಾಕಿ. −2^32ರ ಶೇಷ 1 ಆಯಿತು, ಅಂದರೆ 2^32 + 1ರ ಶೇಷ ಸೊನ್ನೆ.

ಉತ್ತರ 2
ಪರೀಕ್ಷೆ ಪಾಸ್ ಆಗೋದಕ್ಕೆ ಕಾರಣವೂ ಮೇಲಿನದರಲ್ಲೇ ಇದೆ. ಫರ್ಮಾ ಪರೀಕ್ಷೆಯಲ್ಲಿ ಘಾತ 2^32, ಅದು 64ರ ಗುಣಕ, ಹಾಗಾಗಿ ಶೇಷ 1 ಬಂದೇ ಬರುತ್ತೆ. ಯಾವ ಫರ್ಮಾ ಸಂಖ್ಯೆಗೂ ಆಧಾರ 2 ಇಟ್ಟು ಪರೀಕ್ಷೆ ಮಾಡಿ ಪ್ರಯೋಜನ ಇಲ್ಲ. ಇನ್ನೂ ಬಿಗಿಯಾದ ಮಿಲ್ಲರ್-ರಾಬಿನ್ ಪರೀಕ್ಷೆ ಕೂಡ ಆಧಾರ 2ರಲ್ಲಿ ಮೋಸಹೋಗುತ್ತೆ. ಆಧಾರ 3 ಇಡಿ. 3ನ್ನು 31 ಬಾರಿ ವರ್ಗ ಮಾಡುತ್ತಾ, ಪ್ರತಿ ಸಲ ಶೇಷ ಇಟ್ಟುಕೊಳ್ಳುತ್ತಾ ಹೋಗಿ. ಅವಿಭಾಜ್ಯವಾಗಿದ್ದರೆ ಕೊನೆಗೆ −1, ಅಂದರೆ 4294967296 ಬರಬೇಕಿತ್ತು. ಬರೋದು 10324303.

ಉತ್ತರ 3
ಸಿ ಪ್ರೋಗ್ರಾಂ ವಿಷಯ. 32 ಬಿಟ್‌ನ ಚಿಹ್ನೆರಹಿತ ಪೂರ್ಣಾಂಕದ ಗರಿಷ್ಠ 4294967295. ಅದರಲ್ಲಿ ನಿಮ್ಮ ಸಂಖ್ಯೆ ಹಾಕಿದರೆ ಬರೇ 1 ಆಗಿ ಕೂರುತ್ತೆ, 1ರಿಂದ ಭಾಗಿಸಿದರೆ ಶೇಷ ಯಾವಾಗಲೂ 0. 64 ಬಿಟ್ ತಗೊಂಡಿದ್ದರೂ ಪೆಟ್ಟು ತಪ್ಪಲ್ಲ: 2, 4, 16, 256, 65536, 4294967296 ಅಂತ ಐದು ವರ್ಗ ಸರಿ ಬರುತ್ತೆ, ಆರನೆಯದು 2^64. ಅಲ್ಲಿ ಹಿಡಿಸೋದು 2^64 − 1ರವರೆಗೆ ಮಾತ್ರ, ಒಂದೇ ಒಂದರಿಂದ ಉಕ್ಕಿ 0 ಆಗುತ್ತೆ. ಗುಣಾಕಾರವನ್ನು 128 ಬಿಟ್‌ನಲ್ಲಿ ಮಾಡಿ, ಇಲ್ಲವೇ ಪೈಥಾನ್ ಬಳಸಿ.

ಪ್ರಶ್ನೆ ಕೇಳಿದವರು
ಧನ್ಯವಾದ. 6700417 ಇನ್ನೂ ಒಡೆಯುತ್ತಾ?

ಉತ್ತರ 1
ಇಲ್ಲ. ಅದರ ವರ್ಗಮೂಲ 2588ರ ಸುಮಾರು. ಅಲ್ಲಿವರೆಗೆ 128ಕ + 1 ರೂಪದ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. 257 ಆಗಲೇ ಹೋಗಿದೆ. ಉಳಿದ ನಾಲ್ಕರಿಂದ ಭಾಗಿಸಿದರೆ ಕ್ರಮವಾಗಿ ಶೇಷ 44, 120, 334, 622. 641ನ್ನು ಮತ್ತೊಮ್ಮೆ ನೋಡುವುದನ್ನು ಮರೆಯಬೇಡಿ, ಒಂದೇ ಭಾಜಕ ಎರಡು ಸಲ ಬರಬಹುದಿತ್ತು.