ಮೇ 1ರ ರಜೆಗೆ ಓಣಿಯವರೆಲ್ಲ ಸೇರಿ ಏನಾದ್ರೂ ಮಾಡ್ಬೇಕು, ಮನೆಗೆ ನೂರು ರೂಪಾಯಿ ಮೇಲೆ ಬೇಡ

ಬಳ್ಳಾರಿ ಟೇಲರ್:
ಎಲ್ರಿಗೂ ನಮಸ್ಕಾರ. ನಮ್ಮ ಓಣ್ಯಾಗೆ ಹೆಚ್ಚುಕಮ್ಮಿ ಎಲ್ರೂ ಜೀನ್ಸ್ ಕೆಲಸದೋರೇ, ಕೆಲವ್ರು ಕಟಿಂಗು, ಕೆಲವ್ರು ಹೊಲಿಗೆ, ಹೆಣ್ಮಕ್ಕಳು ಮನ್ಯಾಗೆ ಕೂತು ದಾರ ಕಟ್ ಮಾಡ್ತಾರೆ. ಪೀಸ್ ಲೆಕ್ಕದ ದುಡಿಮೆ, ಹಂಗಾಗಿ ರಜೆ ಅಂದ್ರೆ ಖುಷಿಗಿಂತ ಮೊದಲು ಲಾಸೇ ಕಣ್ಣಿಗೆ ಬೀಳೋದು. ಕಾರ್ಮಿಕರ ದಿನ ಅಂತ ಯೂನಿಟ್ ಬಾಗಿಲು ಹಾಕಿರ್ತಾರೆ, ನಾವು ಫ್ಯಾನ್ ಕೆಳಗೆ ಬಿದ್ದಿರ್ತೀವಿ, ಹುಡುಗ್ರು ಮೊಬೈಲ್ ಹಿಡ್ಕೊಂಡಿರ್ತಾವೆ. ಈ ಸಲ ಹತ್ತು ಮನೆ ಸೇರಿ ಮನೆಗೆ ನೂರರಂಗೆ ಸಾವಿರ ಕೂಡಿಸ್ತೀವಿ. ಡಿಜೆ, ಫ್ಲೆಕ್ಸು, ಶಾಮಿಯಾನ ಯಾವುದೂ ಬೇಡ. ಹಂಪಿಗೆ ಟೆಂಪೋ ಮಾಡೋಣ ಅಂದ್ರು ಕೆಲವ್ರು, ಬಾಡಿಗೆಗೇ ದುಡ್ಡೆಲ್ಲ ಹೋಗ್ತೈತೆ. ಬಿಸಿಲಂತೂ ನಿಮಗೆ ಗೊತ್ತೇ ಐತಲ್ಲ. ಐಡಿಯಾ ಕೊಡ್ರಪ್ಪ.

ಕೌಲ್‌ಬಜಾರ್ ಮಂದಿ:
ಅಣ್ಣ ದೂರ ಯಾಕೆ, ನಮ್ಮ ಕೋಟೆ ಗುಡ್ಡಾನೇ ಐತಲ್ಲ. ಊರಾಗೇ ಇದ್ದು ಹತ್ತದೇ ಇರೋರು ಎಷ್ಟು ಜನ ಅದಾರೆ. ಗೇಟ್ ಯಾವಾಗ ತೆಗೀತಾರೆ ಅಂತ ಹಿಂದಿನ ದಿನಾನೇ ವಿಚಾರಿಸ್ಕೊಂಡು ಬೆಳಿಗ್ಗೆ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಹತ್ತಿ ಇಳಿದುಬಿಡ್ರಿ, ಹೊತ್ತೇರಿದ ಮೇಲೆ ಆ ಬಂಡೆ ಮ್ಯಾಲೆ ಕಾಲಿಡಕಾಗಲ್ಲ. ನೀರು ಮನೆಯಿಂದ್ಲೇ ಒಯ್ಯಿರಿ. ಹುಡುಗ್ರಿಗೆ ಎದುರಿನ ಕುಂಬಾರ ಗುಡ್ಡ ತೋರಿಸಿ ಆ ಕಥೆ ಹೇಳ್ರಿ, ಹೈದರಾಲಿ ಫ್ರೆಂಚ್ ಇಂಜಿನಿಯರ್ ಕೈಲಿ ಕೋಟೆ ಕಟ್ಟಿಸಿ, ಆಮೇಲೆ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಐತೆ ಅಂತ ಗೊತ್ತಾಗಿ ಅವನನ್ನೇ ಗಲ್ಲಿಗೆ ಹಾಕಿಸಿದ ಅಂತಾರಲ್ಲ. ಕಾರ್ಮಿಕರ ದಿನಕ್ಕೆ ಇದಕ್ಕಿಂತ ಒಳ್ಳೆ ಕಥೆ ಎಲ್ಲಿ ಸಿಗುತ್ತೆ 😄

ರಾಯಚೂರು ಅಕ್ಕ:
ಗುಡ್ಡ ಹತ್ರಿ ಬ್ಯಾಡ ಅನ್ನಂಗಿಲ್ಲ, ಆದ್ರ ನಂದೊಂದು ಮಾತು. ಇಂಥಾ ಪ್ರೋಗ್ರಾಮ್ ಎಲ್ಲಾ ಕಡಿಗೂ ಹೆಣ್ಮಕ್ಕಳ ತಲಿಗೇ ಬರ್ತಾವ. ಆರು ದಿನ ದಾರ ಕತ್ತರಿಸಿದಾಕಿ ರಜಾ ದಿನ ನಲವತ್ತು ಮಂದಿಗೆ ರೊಟ್ಟಿ ಬಡೀಬೇಕಾ? ಅದು ಯಾರ ರಜಾರೀ? ಅವತ್ತು ಒಲಿ ಮುಂದ ಗಂಡಸ್ರು ಕೂಡ್ಲಿ. ಅನ್ನ ಸಾರು ಹೋಳಿಗಿ ಅಂತ ದೊಡ್ಡದು ಮಾಡಾಕ ಹೋಗಬ್ಯಾಡ್ರಿ, ಸಂಜಿ ತಂಪಿನಾಗ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ, ಹಿಂದ ಒಂದೊಂದು ಲೋಟ ಪಾನಕ, ಸಾಕು. ಒಗ್ಗರಣಿ ಗಂಡಸ್ರಿಗೆ ಬರಂಗಿಲ್ಲ ಅಂದ್ರ ಹೇಳ್ತೀನಿ ಕೇಳ್ರಿ: ಮಂಡಕ್ಕಿ ನೀರಾಗ ಹಾಕಿ ಕೂಡ್ಲೇ ಎತ್ತಿ ಹಿಂಡಬೇಕು, ಮಾತಾಡ್ಕೋತ ನಿಂತ್ರ ಮುದ್ದಿ ಆಗ್ತದ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಟೊಮ್ಯಾಟೊ, ಅರಿಶಿಣ ಎಣ್ಣಿಯಾಗ ಬಾಡಿಸಿ, ಉಪ್ಪು ಹಾಕಿ, ಮಂಡಕ್ಕಿ ಕಲಸಿ, ಒಲಿ ಆರಿಸಿದ ಮ್ಯಾಲ ಪುಟಾಣಿ ಹಿಟ್ಟು ಉದುರಿಸಿ ಲಿಂಬಿಹಣ್ಣು ಹಿಂಡ್ರಿ. ಪಾನಕಕ್ಕ ಲೀಟರಿಗೆ ನೂರು ಗ್ರಾಂ ಬೆಲ್ಲ, ಯಾಲಕ್ಕಿ, ಚೂರು ಶುಂಠಿ. ನೀರು ಮಣ್ಣಿನ ಕೊಡದಾಗ ಇಟ್ರ ಐಸ್ ದುಡ್ಡೂ ಉಳೀತದ.

ಯೂನಿಯನ್ ತಾತ:
ಪಾನಕ ಕುಡಿಯೋಕೆ ಮುಂಚೆ ಹತ್ತು ನಿಮಿಷ ಮಕ್ಕಳನ್ನ ಕೂಡಿಸಿ ಯಾಕೆ ಈ ರಜೆ ಅಂತ ಹೇಳ್ರಪ್ಪ. 1886ರಾಗೆ ಶಿಕಾಗೋ ಕಡೆ ದಿನಕ್ಕೆ ಎಂಟೇ ತಾಸು ಕೆಲಸ ಅಂತ ಕೇಳಿ ಮುಷ್ಕರ ಮಾಡಿದ್ದು, ಅದರಿಂದ ಬಂದದ್ದು ಇದು. ನಮ್ಮ ದೇಶದಾಗೆ ಮೊದಲ ಸಲ ಆಚರಿಸಿದ್ದು 1923ರಾಗೆ ಮದ್ರಾಸಿನಾಗೆ, ಕಾರ್ಮಿಕ ಮುಖಂಡರು ಸಿಂಗಾರವೇಲರು. ಆಗ ನಮ್ಮ ಬಳ್ಳಾರಿನೂ ಮದ್ರಾಸ್ ಪ್ರಾಂತ್ಯವೇ, ಮೈಸೂರಿಗೆ ಸೇರಿದ್ದು 1953ರಾಗೆ.
ಇನ್ನೊಂದು, ಲಾಸ್ ಅಂದ್ರಲ್ಲ ಟೇಲರ್ ತಮ್ಮ. ಕರ್ನಾಟಕದಾಗೆ 1963ರ ರಜೆ ಕಾನೂನು ಐತೆ, ಫ್ಯಾಕ್ಟರಿ ಅಂಗಡಿ ಕೆಲಸದೋರಿಗೆ ಮೇ 1 ಪಗಾರ ಸಮೇತ ರಜೆ. ಅವತ್ತು ಕೆಲಸಕ್ಕೆ ಕರೆದ್ರೆ ಎರಡರಷ್ಟು ಪಗಾರ, ಇಲ್ಲ ಆ ದಿನದ ಪಗಾರ ಕೊಟ್ಟು ಬೇರೆ ದಿನ ರಜೆ. ಅವತ್ತು ಹೆಂಗೂ ಎಲ್ರೂ ಒಂದೇ ಕಡೆ ಸೇರ್ತೀರಿ, ಇದನ್ನೂ ಮಾತಾಡಿಕೊಳ್ಳಿ, ಕಾರ್ಮಿಕ ಇಲಾಖೆ ಆಫೀಸ್ ಊರಾಗೇ ಐತೆ.

ಕೊಪ್ಪಳ ಹುಡುಗ:
ಆಟಕ್ಕ ಹಗ್ಗ ಜಗ್ಗಾಟ, ಚೀಲದ ಓಟ, ಲಿಂಬು ಚಮಚ ಸಾಕ್ರಿ. ಪ್ರೈಜ್ ಅಂತ ಸ್ಟೀಲ್ ಡಬ್ಬಿ ತರಬ್ಯಾಡ್ರಿ, ಕಲ್ಲಂಗಡಿ ಇಡ್ರಿ, ಗೆದ್ದಾವ ಹೆಂಗಿದ್ರೂ ಎಲ್ಲಾರಿಗೂ ಕೊಯ್ದು ಹಂಚಬೇಕಾಗ್ತೈತಿ. ನಿಮ್ಮ ಯೂನಿಟ್‌ನಾಗ ಕಟಿಂಗ್ ವೇಸ್ಟ್ ಬೀಳ್ತೈತಲ್ರಿ, ಹುಡುಗ್ರು ಕೈಗೆ ಕೊಟ್ಟು ತೋರಣ ಕಟ್ಟಸ್ರಿ, ಒಂದು ಮಧ್ಯಾಹ್ನ ಮೊಬೈಲ್ ಮುಟ್ಟಂಗಿಲ್ಲ ಅವು.

ಬಳ್ಳಾರಿ ಟೇಲರ್:
ಅಕ್ಕ ಹೇಳಿದ್ದು ನಮ್ಮ ಮನೆಯಾಕೆ ಓದಿ ಸ್ಕ್ರೀನ್‌ಶಾಟ್ ತಗೊಂಡು ಓಣಿ ಗ್ರೂಪಿಗೆ ಹಾಕಿಬಿಟ್ಟಳು, ಇನ್ನ ತಪ್ಪಿಸ್ಕೊಳ್ಳಂಗಿಲ್ಲ. ಬೆಳಿಗ್ಗೆ ಗುಡ್ಡ, ಸಂಜೆ ಆಟ ಮತ್ತೆ ಒಗ್ಗರಣೆ ಅಂತ ಆಗೈತೆ. ತಾತ, ಪಗಾರದ ಮಾತು ಓನರ್ ಹತ್ರ ಒಬ್ಬೊಬ್ರೇ ಕೇಳಿದ್ರೆ ಆಗಲ್ಲ, ಅವತ್ತೇ ಕೂತು ಮಾತಾಡ್ತೀವಿ. ಅಕ್ಕ, ಮಿರ್ಚಿ ಹಿಟ್ಟಿಗೆ ಸೋಡಾ ಎಷ್ಟು ಹಾಕ್ಬೇಕು?

ರಾಯಚೂರು ಅಕ್ಕ:
ಚಿಟಿಕಿ ಅಷ್ಟ. ಜಾಸ್ತಿ ಹಾಕಿದ್ರ ಮಿರ್ಚಿ ಎಣ್ಣಿ ಕುಡೀತದ, ನಿಮ್ಮ ಸಾವಿರ ರೂಪಾಯಿ ಬಾಣಲಿಯಾಗೇ ಹೋಗ್ತದ.