ಹ್ಯಾಮಕ್‌ನಲ್ಲಿ ಮಲಗಿದ್ರೆ ಬೆನ್ನು ಬಿಲ್ಲಿನ ಥರ ಬಗ್ಗುತ್ತೆ, ಏನ್ಮಾಡ್ಲಿ?

ನಿದ್ದೆಗೆಟ್ಟವ: ಮೊನ್ನೆ ಟ್ರೆಕ್‌ನಲ್ಲಿ ಮೊದಲ್ನೇ ಸಲ ಹ್ಯಾಮಕ್‌ನಲ್ಲಿ (ಎರಡು ಮರದ ಮಧ್ಯೆ ಕಟ್ಟೋ ಬಟ್ಟೆ ಜೋಲಿ) ಮಲಗಿದ್ದೆ, ಜೋತು ಬೀಳ್ಬಾರ್ದು ಅಂತ ಎರಡೂ ಕಡೆ ಚೆನ್ನಾಗಿ ಬಿಗಿದು ಕಟ್ಟಿದ್ದೆ, ಆದ್ರೂ ಬೆಳಗ್ಗೆ ಏಳೋಷ್ಟ್ರಲ್ಲಿ ಸೊಂಟ ಹಿಡ್ಕೊಂಡಿತ್ತು, ಮಂಡಿ ಹಿಂದೆ ನೋವು, ಮಧ್ಯರಾತ್ರಿ ಮೇಲೆ ಬೆನ್ನು ಬೇರೆ ಚಳಿಗೆ ಕೊರೀತಿತ್ತು. ಇನ್ನೂ ಬಿಗೀಬೇಕಾ?

ಕಾಡುಪಾಪ: ಅಯ್ಯೋ ಬೇಡ ಗುರು, ಬಿಗಿದಿದ್ದೇ ತಪ್ಪಾಗಿರೋದು. ಜಾಸ್ತಿ ಎಳೆದಷ್ಟೂ ಅಂಚು ಬಂದು ಭುಜ ಹಿಂಡುತ್ತೆ, ಹಗ್ಗಕ್ಕೂ ಮರಕ್ಕೂ ಲೋಡ್ ಜಾಸ್ತಿ. ಮರಕ್ಕೆ ಕಟ್ಟೋ ಸ್ಟ್ರಾಪ್ ಸುಮಾರು 30 ಡಿಗ್ರಿ ಇಳಿಜಾರಲ್ಲಿರ್ಲಿ, ಬಟ್ಟೆ ಸಡಿಲವಾಗಿ ಜೋತಿರ್ಬೇಕು. ಆಮೇಲೆ ನೆಟ್ಟಗೆ ಮಲಗ್ಬೇಡ, ಓರೆಯಾಗಿ ಮಲ್ಕೋ, ತಲೆ ನಡುಗೆರೆಯಿಂದ ಒಂದು ಕಡೆ ಕಾಲು ಇನ್ನೊಂದು ಕಡೆ, ಆಗ ಬಟ್ಟೆ ಅಗಲ ಆಗಿ ಬೆನ್ನು ಹೆಚ್ಚುಕಮ್ಮಿ ಚಪ್ಪಟೆ ಕೂರುತ್ತೆ.

ದಿಂಬುರಾಯ: ಓರೆ ಮಲಗೋದೇ ಅರ್ಧ ಕೆಲ್ಸ. ಕಾಲಿನ ಕಡೆ ಒಂದು ಗೇಣು ಮೇಲೆ ಕಟ್ಟಿ, ಇಲ್ಲಾಂದ್ರೆ ರಾತ್ರಿಯೆಲ್ಲ ಕೆಳಗೆ ಜಾರ್ತಾನೇ ಇರ್ತೀರ. ಮಂಡಿ ಕೆಳಗೆ ಜಾಕೆಟ್ ಸುತ್ತಿಟ್ಕೊಳ್ಳಿ. ಚಳಿ ವಿಷ್ಯ ಏನಂದ್ರೆ, ಸ್ಲೀಪಿಂಗ್ ಬ್ಯಾಗ್ ಮೈಭಾರಕ್ಕೆ ಅಪ್ಪಚ್ಚಿ ಆಗಿ ಅದ್ರೊಳಗೆ ಗಾಳಿನೇ ನಿಲ್ಲಲ್ಲ, ಅದಕ್ಕೇ ಕೊರೆಯೋದು. ಫೋಮ್ ಮ್ಯಾಟ್ ಹಾಕಿ, ಇಲ್ಲಾ ಹ್ಯಾಮಕ್ ಕೆಳಗೆ ಹೊರಗಡೆಯಿಂದ ಕಟ್ಟೋ ರಜಾಯಿ, ಅಂದ್ರೆ ಅಂಡರ್‌ಕ್ವಿಲ್ಟ್ ತಗೊಳ್ಳಿ. ಮ್ಯಾಟ್ ಜಾರುತ್ತೆ, ಅದೊಂದು ಕಿರಿಕಿರಿ.

ಕಾಡುಪಾಪ: ಪ್ರತಿಸಲ ಅಳತೆ ಹುಡುಕೋ ತಲೆನೋವು ಬೇಡ ಅಂದ್ರೆ ಹ್ಯಾಮಕ್ ಉದ್ದದ ಸುಮಾರು 83% ಇರೋ ರಿಡ್ಜ್‌ಲೈನ್ ಹಗ್ಗನ ಹ್ಯಾಮಕ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಮೇಲೆ ಕಟ್ಬಿಡು, ಮರ ಹತ್ರ ಇರ್ಲಿ ದೂರ ಇರ್ಲಿ ಜೋತು ಒಂದೇ ಥರ ಬರುತ್ತೆ.

ನಿದ್ದೆಗೆಟ್ಟವ: ನಿನ್ನೆ ಟ್ರೈ ಮಾಡ್ದೆ, ಸೊಂಟ ನೋವಿಲ್ಲ! ಮ್ಯಾಟ್ ಮಾತ್ರ ಬೆಳಗ್ಗೆ ನೆಲದ ಮೇಲಿತ್ತು.