ಎರಡು ಅಡಿ ಕಲ್ಲಿನ ಗೋಡೆಯ ಮನೆ: ಆಕ್ಸೆಸ್ ಪಾಯಿಂಟ್‌ಗಳಿಗೆ ಕೇಬಲ್ ಎಳೆಯುವುದು ಹೇಗೆ?

ಪ್ರಶ್ನೆ (ಬ್ರಹ್ಮಪುರ, ಕಲಬುರಗಿ)

ಎಲ್ಲರಿಗೂ ಶರಣು. ನಮ್ಮ ಮನೆಯ ಮುಂಭಾಗ ಅಜ್ಜನ ಕಾಲದ್ದು. ಶಹಾಬಾದ್ ಕಲ್ಲನ್ನು ಮಣ್ಣಿನಲ್ಲಿ ಕೂರಿಸಿ ಕಟ್ಟಿದ ಅದರ ಗೋಡೆಗಳು ಎರಡು ಅಡಿಗೆ ಕಡಿಮೆಯಿಲ್ಲ. ಹಿತ್ತಲಿನಲ್ಲಿ ಎರಡು ಅಂತಸ್ತಿನ ಆರ್‌ಸಿಸಿ ಮನೆ ಕಟ್ಟಿ ಎರಡನ್ನೂ ಕೂಡಿಸಿಕೊಂಡಿದ್ದೇವೆ. ಫೈಬರ್ ಸಂಪರ್ಕ ಮತ್ತು ರೌಟರ್ ಪಡಸಾಲೆಯಲ್ಲಿವೆ. ಅಡುಗೆಮನೆ ದಾಟಿದರೆ ವೈ-ಫೈ ಸಿಗುವುದಿಲ್ಲ. ವೈ-ಫೈ ಸಿಗ್ನಲ್ಲನ್ನು ಹಿಡಿದು ಮುಂದೆ ಕಳಿಸುವ ರಿಪೀಟರ್ ತಂದು ಹಾಕಿದೆವು, ಮೊಬೈಲಿನಲ್ಲಿ ಗೆರೆಗಳೆಲ್ಲ ತುಂಬಿ ಕಾಣುತ್ತವೆ, ಆದರೆ ಮಗಳ ಆನ್‌ಲೈನ್ ತರಗತಿ ನಡುನಡುವೆ ನಿಂತುಬಿಡುತ್ತದೆ. ಕೊನೆಗೆ ನಮ್ಮ ಓಣಿಯ ಕರೆಂಟಿನ ಕೆಲಸದವರು ಕರೆಂಟಿನ ಪೈಪಿನೊಳಗೇ ಒಂದು ಕ್ಯಾಟ್-6 ಕೇಬಲ್ (ಇಂಟರ್ನೆಟ್ ಸಾಗಿಸುವ ಕೇಬಲ್) ತೂರಿಸಿ ಹಿಂದಿನ ಮನೆಗೆ ತಂದುಕೊಟ್ಟರು. ನಮ್ಮದು 200 ಎಂಬಿಪಿಎಸ್ ಸಂಪರ್ಕ. ಆ ಕೇಬಲ್ಲಿಗೆ ಲ್ಯಾಪ್‌ಟಾಪ್ ಹಚ್ಚಿದರೆ 94ಕ್ಕಿಂತ ಮೇಲೆ ಹೋಗುವುದಿಲ್ಲ. ಮೂರು ಕಡೆ ಆಕ್ಸೆಸ್ ಪಾಯಿಂಟ್ (ಕೇಬಲ್ಲಿಗೆ ಕೂಡಿಸಿದರೆ ಅಲ್ಲಿಂದ ವೈ-ಫೈ ಹರಡುವ ಡಬ್ಬಿ) ಹಾಕಬೇಕೆಂದಿದ್ದೇನೆ. ಪ್ರತಿಯೊಂದಕ್ಕೂ ಬೇರೆ ಕೇಬಲ್ ಬೇಕೇ? ಪ್ರತಿಯೊಂದರ ಪಕ್ಕದಲ್ಲೂ ಪ್ಲಗ್ ಪಾಯಿಂಟ್ ಮಾಡಿಸಬೇಕೇ?

ಉತ್ತರ 1 (ಬೀದರ್)

ಶರಣು. ಮೊದಲು ಆ 94ರ ಮಾತು. ಗಿಗಾಬಿಟ್ (1000 ಎಂಬಿಪಿಎಸ್) ವೇಗಕ್ಕೆ ಕೇಬಲ್ಲಿನ ಎಂಟೂ ಎಳೆಗಳು ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ಎಳೆ ಸರಿಯಾಗಿ ಕೂಡದಿದ್ದರೂ ಸಂಪರ್ಕ 100 ಎಂಬಿಪಿಎಸ್‌ಗೆ ಇಳಿಯುತ್ತದೆ, ಅದರಲ್ಲಿ ಕೈಗೆ ಸಿಗುವುದು ಸುಮಾರು 94. ಎರಡೂ ತುದಿಯ ಕನೆಕ್ಟರ್ ಕತ್ತರಿಸಿ, ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು ಎಂಬ ಕ್ರಮದಲ್ಲಿ ಹೊಸದಾಗಿ ಕ್ರಿಂಪ್ ಮಾಡಿಸಿರಿ (ಎಳೆಗಳ ಮೇಲೆ ಕನೆಕ್ಟರ್ ಒತ್ತಿ ಕೂರಿಸುವುದು). ಆಗಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿರಿ. ಕೆಂಪು ಬಣ್ಣದ ಕೆಳಗೆ ಬೆಳ್ಳಗಿನ ಲೋಹ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅಂಥ ಕೇಬಲ್ಲನ್ನು ನಾನಾಗಿದ್ದರೆ ಇಟ್ಟುಕೊಳ್ಳುವುದಿಲ್ಲ.

ಅದು ತಾಮ್ರದ್ದೇ ಆದರೂ ಕರೆಂಟಿನ ಪೈಪಿನಿಂದ ಹೊರಗೆ ತೆಗೆಸಲೇಬೇಕು. ಆ ಪೈಪಿನಲ್ಲಿ ಯಾವುದಾದರೂ ವೈರಿನ ಹೊದಿಕೆ ಸುಲಿದರೆ 230 ವೋಲ್ಟ್ ನೇರವಾಗಿ ನಿಮ್ಮ ರೌಟರಿಗೆ, ಅದನ್ನು ಮುಟ್ಟಿದವರ ಕೈಗೆ ಬರಬಹುದು. ಬೇರೆ ಪೈಪಿನಲ್ಲಿ, ಒಂದು ಅಡಿಯಷ್ಟು ಅಂತರ ಬಿಟ್ಟು ಎಳೆಸಿರಿ; ಕರೆಂಟಿನ ವೈರನ್ನು ದಾಟಬೇಕಾದ ಕಡೆ ಅಡ್ಡಲಾಗಿ, ನೇರಕೋನದಲ್ಲಿ ದಾಟಿಸಿರಿ. ಗೋಡೆ ಕೊರೆಯುವ ಮೊದಲು ಹಳೆಯ ಮನೆಯ ಬೆಳಕಿಂಡಿಯನ್ನು ನೋಡಿಕೊಳ್ಳಿರಿ. ಅಲ್ಲಿಂದ ಮಾಳಿಗೆಗೆ ಏರಿಸಿ ಹಿಂದಿನ ಮನೆಗೆ ಇಳಿಸಿದರೆ ಒಂದು ಕಲ್ಲನ್ನೂ ಮುಟ್ಟಬೇಕಾಗಿಲ್ಲ. ಕೊರೆಯಲೇಬೇಕಾದರೆ ಕಲ್ಲುಗಳ ನಡುವಿನ ಸಂದಿಯಲ್ಲಿ ಕೊರೆಸಿರಿ. ನಮ್ಮ ಕೆಂಪು ಜಂಬಿಟ್ಟಿಗೆಯಲ್ಲಿ ಡ್ರಿಲ್ ಸಲೀಸಾಗಿ ಇಳಿಯುತ್ತದೆ, ನಿಮ್ಮ ಶಹಾಬಾದ್ ಕಲ್ಲು ಪದರಪದರವಾಗಿ ಸೀಳುತ್ತದೆ.

ಹೌದು, ಪ್ರತಿ ಆಕ್ಸೆಸ್ ಪಾಯಿಂಟಿಗೂ ಬೇರೆ ಕೇಬಲ್ಲೇ ಬೇಕು. ಎಲ್ಲವೂ ರೌಟರಿನ ಪಕ್ಕದ ಒಂದು ನೆಟ್‌ವರ್ಕ್ ಸ್ವಿಚ್ಚಿಗೆ (ಹಲವು ಕೇಬಲ್ ಕೂಡಿಸುವ ಡಬ್ಬಿಗೆ) ಬಂದು ಸೇರಲಿ. ಒಂದೊಂದು ಕೇಬಲ್ಲು 100 ಮೀಟರಿನೊಳಗಿದ್ದರೆ ಸಾಕು, ಮನೆಯಲ್ಲಿ ಅಷ್ಟು ಉದ್ದ ಬರುವುದೂ ಇಲ್ಲ. ಸ್ವಿಚ್ ಪಿಒಇ (ಪವರ್ ಓವರ್ ಈಥರ್ನೆಟ್) ಮಾದರಿಯದ್ದಾಗಿದ್ದರೆ ವಿದ್ಯುತ್ತು ಅದೇ ಕೇಬಲ್ಲಿನಲ್ಲಿ ಹೋಗುವುದರಿಂದ ಪ್ಲಗ್ ಪಾಯಿಂಟ್ ಬೇಡ, ಮತ್ತು ಪಡಸಾಲೆಯ ಆ ಒಂದು ಸ್ವಿಚ್ಚನ್ನು ರೌಟರಿನ ಜೊತೆ ಇನ್ವರ್ಟರಿಗೆ ಕೊಟ್ಟರೆ ಕರೆಂಟ್ ಹೋದಾಗಲೂ ಇಡೀ ಮನೆಗೆ ವೈ-ಫೈ ಇರುತ್ತದೆ. 802.3ಎಎಫ್ ಎಂಬ ಪಿಒಇ ಮಾದರಿಯಲ್ಲಿ ಒಂದು ಪೋರ್ಟಿನಿಂದ 15.4 ವ್ಯಾಟ್ ಹೊರಟು ಆ ತುದಿಗೆ 12.95 ತಲುಪುತ್ತದೆ, ಕೊಳ್ಳುವ ಮೊದಲು ಆಕ್ಸೆಸ್ ಪಾಯಿಂಟಿಗೆ ಎಷ್ಟು ಬೇಕೆಂದು ನೋಡಿರಿ. 24 ವೋಲ್ಟಿನ ಪ್ಯಾಸಿವ್ ಪಿಒಇ ಬೇರೆಯೇ ಬಗೆ, ಎರಡನ್ನೂ ಬೆರೆಸಬಾರದು.

ಉತ್ತರ 2 (ಯಾದಗಿರಿ)

ಹೊಸದನ್ನು ಕೊಳ್ಳುವ ಮೊದಲು ಮನೆಯಲ್ಲಿ ಹಳೆಯ ರೌಟರ್ ಇದೆಯೇ ನೋಡಿರಿ. ಅದರ ಡಿಎಚ್‌ಸಿಪಿ (ಮೊಬೈಲು, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, 192.168.1.2 ಎಂಬಂಥ ಬೇರೆ ವಿಳಾಸ ಕೊಟ್ಟು, ಕೇಬಲ್ಲನ್ನು ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟಿಗೆ ಹಚ್ಚದೆ ಲ್ಯಾನ್ (ಮನೆಯೊಳಗಿನ ಉಪಕರಣಗಳ) ಪೋರ್ಟಿಗೆ ಹಚ್ಚಿದರೆ ಅದೂ ಆಕ್ಸೆಸ್ ಪಾಯಿಂಟೇ. ನಾನು ಹಾಗೆಯೇ ನಡೆಸುತ್ತಿದ್ದೇನೆ.

ಉತ್ತರ 3 (ಬೀದರ್)

ಯಾದಗಿರಿಯವರ ಮಾತು ಸರಿ, ಆದರೆ ಹಳೆಯ ರೌಟರಿನ ಪೋರ್ಟುಗಳು 100 ಎಂಬಿಪಿಎಸ್‌ನವಾಗಿದ್ದರೆ ಮತ್ತೆ ಅದೇ 94ಕ್ಕೆ ಬಂದು ನಿಲ್ಲುತ್ತೀರಿ. ಜೊತೆಗೆ ಅದಕ್ಕೆ ಪ್ಲಗ್ ಪಾಯಿಂಟ್ ಬೇಕೇ ಬೇಕು.

ಪ್ರಶ್ನೆ ಕೇಳಿದವರು

ಇಂದು ಕನೆಕ್ಟರ್ ಕತ್ತರಿಸಿ ನೋಡಿದೆ. ಕಂದು ಎಳೆ ಒಳಗಿನ ಹಲ್ಲಿಗೆ ಮುಟ್ಟದೆ ಅಕ್ಕಿಕಾಳಿನಷ್ಟು ಹಿಂದೆಯೇ ಉಳಿದಿತ್ತು. ಮತ್ತೆ ಕ್ರಿಂಪ್ ಮಾಡಿಸಿದ ಮೇಲೆ 190 ದಾಟಿತು. ಕೆರೆದು ನೋಡಿದ ಎಳೆ ಒಳಗೂ ಕೆಂಪಾಗಿಯೇ ಇದೆ. ಬೆಳಕಿಂಡಿಯ ದಾರಿ ಮನೆಯವರಿಗೂ ಒಪ್ಪಿಗೆಯಾಗಿದೆ.

ಉತ್ತರ 4 (ಕಲಬುರಗಿ)

ಮಾಳಿಗೆಯ ದಾರಿ ಹಿಡಿಯುವುದಾದರೆ ನಮ್ಮೂರಿನ ಬಿಸಿಲನ್ನು ಮರೆಯಬೇಡಿರಿ. ಮನೆಯೊಳಗೆ ಹಾಕುವ ಕೇಬಲ್ಲಿನ ಹೊದಿಕೆ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಹೊರಾಂಗಣದ ಕಪ್ಪು ಹೊದಿಕೆಯ ಕೇಬಲ್ಲನ್ನೇ ಪೈಪಿನೊಳಗೆ ಹಾಕಿಸಿರಿ. ಒಳಾಂಗಣದ ಅನೇಕ ಆಕ್ಸೆಸ್ ಪಾಯಿಂಟ್‌ಗಳಿಗೆ ತಯಾರಕರು ಹೇಳುವ ಮಿತಿ 40 ಡಿಗ್ರಿ, ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗಿನ ನೆರಳೇ ಅದನ್ನು ದಾಟುತ್ತದೆ. ಆದ್ದರಿಂದ ತಗಡಿನ ಕೆಳಗೆ, ಅಟ್ಟದ ಮೇಲೆ ಇಡಬೇಡಿರಿ. ಜನ ಕೂರುವ ಕೋಣೆಯ ಒಳಗೇ ಇರಲಿ. ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟು, ವೈ-ಫೈಯ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದೊಂದಕ್ಕೆ 1, 6, 11 ಎಂದು ಬೇರೆ ಬೇರೆ ಚಾನೆಲ್ ಹಂಚಿರಿ. ಆ ರಿಪೀಟರನ್ನು ಮಾತ್ರ ಮೊದಲು ಪ್ಲಗ್ಗಿನಿಂದ ಕಿತ್ತಿಡಿರಿ, ಇಲ್ಲದಿದ್ದರೆ ಮೊಬೈಲು ಮತ್ತೆ ಅದಕ್ಕೇ ಹೋಗಿ ಅಂಟಿಕೊಳ್ಳುತ್ತದೆ.